ಹುಣಸೆ ಬೀಜದ ನೆನಪಿನ ಶಕ್ತಿ

ಕಳೆದ ಭಾನುವಾರ ಮಂಡ್ಯದ ಸೋದರತ್ತೆಯ ಮನೆಯಲ್ಲಿ ಕರೆಂಟು ಹೋದದ್ದರಿಂದ ಚೌಕಾಬಾರ ಆಡಲು ಕುಳಿತೆವು. ಒಂದು ಬದಿ ತೇಯ್ದ ನಾಲ್ಕು ಹುಣಸೆ ಬೀಜಗಳೇ ನಮ್ಮ ದಾಳ; ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಂದು ಬಿದ್ದರೆ ಬಾರ. ಒಂಬತ್ತು ಸಲ ಬೀಜ ಹಾಕಿದರೂ ಚೌಕವಾಗಲಿ ಬಾರವಾಗಲಿ ಬೀಳದೆ ಅತ್ತೆಯ ಕಾಯಿಗಳು ಕಟ್ಟೆಯಲ್ಲೇ ಕೊಳೆಯುತ್ತಿದ್ದವು. ಹತ್ತನೆಯ ಸಲ ಅವರು ಬೀಜಗಳನ್ನು ಅಂಗೈಯಲ್ಲಿ ಕುಲುಕುತ್ತಾ, "ಇಷ್ಟು ಹೊತ್ತು ಬಿದ್ದಿಲ್ಲ ಅಂದ್ಮೇಲೆ ಈ ಸಲ ಬೀಳ್ಲೇಬೇಕು ಕಣೋ" ಎಂದರು.

ನಾನು ಸುಮ್ಮನಿರಬಹುದಿತ್ತು. ಬೀಜಕ್ಕೆ ಹಿಂದಿನ ಗರದ ನೆನಪಿರುವುದಿಲ್ಲ, ನಾಲ್ಕು ಬೀಜ ಬೀಳುವ 16 ಬಗೆಗಳಲ್ಲಿ ನಿಮಗೆ ಬೇಕಾದವು ಎರಡೇ, ಆದ್ದರಿಂದ ಮೊದಲ ಸಲವೂ ಹತ್ತನೆಯ ಸಲವೂ ಎಂಟರಲ್ಲಿ ಒಂದೇ ಪಾಲು, ಸತತ ಒಂಬತ್ತು ಸಲ ಬೀಳದಿರುವುದು ನೂರಕ್ಕೆ 30ರಷ್ಟು ಮಾಮೂಲಿ ಸಂಗತಿ ಎಂದುಬಿಟ್ಟೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಜೂಜಿನ ಮನೆಯಲ್ಲಿ ಕೆಂಪು ಕಪ್ಪು ಮನೆಗಳ ರೂಲೆಟ್ ಚಕ್ರದ ಗುಂಡು ಸತತ 26 ಸಲ ಕಪ್ಪಿನ ಮನೆಯಲ್ಲೇ ನಿಂತು, ಇನ್ನು ಕೆಂಪು ಬರಲೇಬೇಕೆಂದು ಹಣ ಸುರಿದವರು ಜೇಬು ಬರಿದು ಮಾಡಿಕೊಂಡ ಕಥೆಯನ್ನೂ ಹೇಳಿದೆ. "ಅಲ್ಲಿ ಹುಣಸೆ ಬೀಜ ಇತ್ತೇನೋ?" ಎಂದರು ಅತ್ತೆ.

ಹುಣಸೆ ಬೀಜದ ವಿಷಯದಲ್ಲಿ ನನಗೆ ಪಾಠ ಹೇಳುವುದೇ? ಆ ನಾಲ್ಕು ಬೀಜಗಳನ್ನು ನಲವತ್ತು ವರ್ಷಗಳ ಹಿಂದೆ ಅದೇ ಮನೆಯ ಜಗಲಿಕಲ್ಲಿನ ಮೇಲೆ ತೇಯ್ದವನು ನಾನು. ಬೀಜವನ್ನು ತೋರುಬೆರಳು ಹೆಬ್ಬೆರಳುಗಳ ನಡುವೆ ಹಿಡಿದು ಒಂದೇ ಸಮನೆ ಉಜ್ಜಬೇಕು. ಕಂದು ಸಿಪ್ಪೆ ಹೋಗಿ ಬಿಳಿ ಹೊಟ್ಟೆ ಕಾಣುವಷ್ಟರಲ್ಲಿ ಬೆರಳು ಸುಡುತ್ತದೆ, ಆಗ ಅದನ್ನು ಪಕ್ಕದಲ್ಲಿ ಕುಳಿತವನ ತೊಡೆಗೆ ಚುರುಕ್ಕೆಂದು ಇಟ್ಟು ಓಡಬೇಕು. ಮೂರು ಬೀಜಗಳ ಬಿಸಿ ಅತ್ತೆಯ ಹಿರಿಯ ಮಗನಿಗೆ ತಗುಲಿತು. ನಾಲ್ಕನೆಯದಕ್ಕೆ ಅವನು ಅತ್ತೆಯನ್ನು ಕರೆದುಕೊಂಡು ಬಂದದ್ದರಿಂದ ಆ ಬೀಜ ಅರೆಬರೆ ತೇಯ್ದಂತೆಯೇ ಡಬ್ಬಿ ಸೇರಿತು. ತಪ್ಪು ಅವನದು, ಏಟು ತಿಂದವನು ನಾನು.

ಅತ್ತೆ ದಡ್ಡರಲ್ಲ. ಇಪ್ಪತ್ತು ಹೆಂಗಸರ ಚೀಟಿ ನಡೆಸುತ್ತಾರೆ. ಪ್ರತಿ ತಿಂಗಳು ಎತ್ತಿದ ಹೆಸರನ್ನು ಮತ್ತೆ ಡಬ್ಬಿಗೆ ಹಾಕುವುದಿಲ್ಲವಾದ್ದರಿಂದ ಇಪ್ಪತ್ತರಲ್ಲಿ ಒಂದಿದ್ದ ಪಾಲು ಹತ್ತೊಂಬತ್ತರಲ್ಲಿ ಒಂದಾಗಿ, ಹದಿನೆಂಟರಲ್ಲಿ ಒಂದಾಗಿ, ಕೊನೆಯವಳಿಗೆ ಖಾತ್ರಿಯೇ ಆಗುತ್ತದೆಂಬುದು ಅವರಿಗೆ ಬಾಯಿಪಾಠ. ಕೊಡಗಿನಲ್ಲಿ ಮಳೆಯಾದರೆ ಕನ್ನಂಬಾಡಿ ತುಂಬೀತು, 124.80 ಅಡಿ ಮುಟ್ಟಿದರೆ ವಿಶ್ವೇಶ್ವರಯ್ಯ ನಾಲೆಗೆ ನೀರು ಬಂದೀತು, ನೀರು ಬಂದರೆ ನಾಟಿಯಾದೀತು ಎಂದು ಒಂದಕ್ಕೊಂದು ನೇತುಹಾಕಿಕೊಂಡೇ ಬದುಕಿದವರ ಮುಂದೆ, ಯಾವುದಕ್ಕೂ ಜೋತುಬೀಳದ ಘಟನೆಯೊಂದುಂಟು ಎಂದರೆ ಅವರಾದರೂ ಹೇಗೆ ನಂಬಿಯಾರು? ಹಾಗೆಂದು ಪ್ರತಿ ಗರಕ್ಕೂ ಐದು ನಿಮಿಷ ಬೀಜ ಕುಲುಕುವುದನ್ನು ನಾನು ಕ್ಷಮಿಸುವುದಿಲ್ಲ.

ರಾತ್ರಿ ನಿದ್ದೆ ಬಾರದೆ, ಆ ನಾಲ್ಕನ್ನೂ ದಿಂಬಿನ ಪಕ್ಕದಲ್ಲಿ ನೂರು ಸಲ ಹಾಕಿ ಬರೆದುಕೊಂಡೆ. ಮೂರು ಬೀಜಗಳು ಅರ್ಧಕ್ಕರ್ಧ ಬಿಳಿ ತೋರಿಸಿದರೆ, ಅರೆಬರೆ ತೇಯ್ದ ಬೀಜ ಮಾತ್ರ 71 ಸಲ ಬಿಳಿಯನ್ನೇ ತೋರಿಸಿತು. ನನ್ನ ಎಂಟರಲ್ಲಿ ಒಂದು ಮಣ್ಣುಪಾಲಾಯಿತೆಂದು ಎದೆ ಧಸಕ್ಕೆಂದಿತು. ಕಾಗದ ಹಿಡಿದು ಗುಣಿಸಿ ನೋಡಿದರೆ, ಮೂರು ಬೀಜ ನೆಟ್ಟಗಿದ್ದಲ್ಲಿ ನಾಲ್ಕನೆಯದು ಎಷ್ಟೇ ಸೊಟ್ಟಗಿದ್ದರೂ ಬಾರ ಇಳಿದಷ್ಟೇ ಚೌಕ ಏರಿ, ಎರಡೂ ಕೂಡಿ ಎಂಟರಲ್ಲಿ ಒಂದು ಒಂದಿಷ್ಟೂ ಕದಲುವುದಿಲ್ಲ. ಇದನ್ನು ಬೆಳಿಗ್ಗೆಯೇ ಹೇಳಬೇಕೆಂದು ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

ಕಾಫಿ ಕೊಡುವಾಗ ಅತ್ತೆಯ ಮುಖ ಊದಿಕೊಂಡಿತ್ತು. "ರಾತ್ರಿಯೆಲ್ಲ ಬೀಜ ಹಾಕ್ತಾನೇ ಇದ್ಯಲ್ಲ," ಎಂದರು, "ನನಗೆ ಬೀಳ್ಬೇಕಾಗಿದ್ದ ಚೌಕ ಬಾರ ಎಲ್ಲ ನೀನೇ ಖರ್ಚು ಮಾಡ್ಬಿಟ್ಯೇನೋ?"