ಹೊಂಗೆಗುಡ್ಡ ಜಂಕ್ಷನ್‌ನಲ್ಲಿ ತೆಂಗಿನಕಾಯಿ ಕಳವು

ಹೊಂಗೆಗುಡ್ಡ ಜಂಕ್ಷನ್ ಯಾವ ಟೈಮ್‌ಟೇಬಲ್‌ನಲ್ಲೂ ಸಿಗುವುದಿಲ್ಲ. ಅದು ಇರುವುದು ನಮ್ಮ ಮಾಡೆಲ್ ರೈಲು ಕ್ಲಬ್ಬಿನ ಪ್ಲೈವುಡ್ ಮೇಜಿನ ಮೇಲೆ. ಬೀರೂರಿನಿಂದ ಒಂದಿಷ್ಟು, ಅರಸೀಕೆರೆಯಿಂದ ಒಂದಿಷ್ಟು ಕದ್ದು ಕಟ್ಟಿದ ಊರು. ಕಾಲ 1980ರ ಆಸುಪಾಸು, ಹಳಿಗಳ ನಡುವೆ ಒಂದೇ ಮೀಟರ್ ಅಂತರದ ಮೀಟರ್ ಗೇಜ್ ಇನ್ನೂ ಇದ್ದ ದಿನಗಳು. ಊರು ಸುಳ್ಳಾದರೂ ಅದರ ಒಂದು ಬೋಲ್ಟೂ ಸುಳ್ಳಾಗಬಾರದು ಎನ್ನುವುದು ನಮ್ಮವರ ಹಠ. ಸ್ಟೇಷನ್ ಬೋರ್ಡಿನ ಮೇಲೆ ಸಮುದ್ರಮಟ್ಟದಿಂದ ಎತ್ತರ ಎಷ್ಟೆಂದು ಬರೆಯಬೇಕು ಅಂತ ಇಡೀ ಒಂದು ಮೀಟಿಂಗ್ ಜಗಳವಾಡಿದ್ದೇವೆ. ಇಲ್ಲದ ಊರಿಗೆ!

ಅಳತೆ 1:87. ಅಂದರೆ ಮನುಷ್ಯ ಎರಡು ಸೆಂಟಿಮೀಟರ್, ಹಳಿಗಳ ನಡುವೆ 12 ಮಿಲಿಮೀಟರ್. ಈ ಅಳತೆಯಲ್ಲಿ ನಮ್ಮ ಮೀಟರ್ ಗೇಜ್ ಎಂಜಿನ್ ಅಂಗಡಿಯಲ್ಲಿ ಸಿಗುವುದು ಕಷ್ಟ. ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆ ಕೂಡ ಮೀಟರ್ ಗೇಜೇ, ಅದರ ಮಾಡೆಲ್ ಸಿಗುತ್ತದೆ. ಅದರ ಚಕ್ರ, ಮೋಟರ್ ಇಟ್ಟುಕೊಂಡು, ಮೇಲೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ವೈಡಿಎಂ-4 ಡೀಸೆಲ್ ಎಂಜಿನ್ ಕಟ್ಟಿದೆವು. ಒಳಗೆ ಸ್ವಿಸ್, ಹೊರಗೆ ಬೀರೂರು. ಓಡುವುದು ಮಾತ್ರ ಬೀರೂರಿನ ಲೆಕ್ಕದಲ್ಲೇ.

ಗೂಡ್ಸ್ ಶೆಡ್ಡಿನ ಮುಂದೆ ರಾಗಿ ರಾಶಿ ಇರಲಿ ಅಂತ ಒಬ್ಬರು ಮನೆಯಿಂದ ಒಂದು ಹಿಡಿ ರಾಗಿ ತಂದು ಸುರಿದರು. ಕ್ಲಬ್ಬಿನ ಗಣಿತದ ಮೇಷ್ಟ್ರು ಕನ್ನಡಕ ಏರಿಸಿ ಒಂದು ಕಾಳು ಅಳೆದರು. "ಒಂದೂವರೆ ಮಿಲಿಮೀಟರ್. ಇಂಟು ಎಂಬತ್ತೇಳು. ಹದಿಮೂರು ಸೆಂಟಿಮೀಟರ್ ಆಯ್ತು. ರೀ, ಇದು ರಾಗಿ ಅಲ್ಲ ಕಣ್ರೀ, ತೆಂಗಿನಕಾಯಿ!" ತಿಪಟೂರು, ಅರಸೀಕೆರೆ ಕಡೆ ತೆಂಗಿಗೇನು ಬರವೇ? ಅಂದಿನಿಂದ ಅದು ತೆಂಗಿನಕಾಯಿ ರಾಶಿ.

ವಾರ ಕಳೆಯುವಷ್ಟರಲ್ಲಿ ರಾಶಿ ಅರ್ಧ ಕರಗಿತ್ತು. ಬಗ್ಗಿ ನೋಡಿದರೆ ಇರುವೆ ಸಾಲು. ಒಂದೊಂದು ಇರುವೆಯೂ ಒಂದೊಂದು ತೆಂಗಿನಕಾಯಿ ಕಚ್ಚಿಕೊಂಡು, ಪ್ಲಾಟ್‌ಫಾರ್ಮ್ ಹತ್ತಿ, ಟಿಕೆಟ್ ಕಲೆಕ್ಟರ್ ಎದುರಿಗೇ ಆರಾಮಾಗಿ ಗೇಟು ದಾಟುತ್ತಿದೆ. ರಾತ್ರಿ ಇರುವೆ ತಿನ್ನಲು ಹಲ್ಲಿ ಬರುತ್ತದೆ. ಹತ್ತು ಸೆಂಟಿಮೀಟರ್ ಹಲ್ಲಿ, ಮೇಷ್ಟ್ರ ಲೆಕ್ಕದಲ್ಲಿ ಎಂಟು ಮುಕ್ಕಾಲು ಮೀಟರ್. ಸ್ಟೇಷನ್ ಮಾಸ್ಟರ್ ಅದಕ್ಕೆ ಒಂದು ತುತ್ತೂ ಆಗಲಾರ.

ಇನ್ನು ತ್ರಿಕೋನದ ಕಥೆ. ಉಗಿ ಎಂಜಿನ್ ಬಂದರೆ ಮುಖ ತಿರುಗಿಸಬೇಕಲ್ವಾ ಅಂತ ಜಂಕ್ಷನ್ ಆಚೆ ಹಳಿಯನ್ನು ತ್ರಿಕೋನವಾಗಿ ಹಾಕಿದ್ದೇವೆ. ನಮ್ಮ ಗಾಡಿಗೆ ಕರೆಂಟ್ ಬರುವುದು ಹಳಿಯಿಂದಲೇ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್, 12 ವೋಲ್ಟ್. ತ್ರಿಕೋನ ಸುತ್ತಿ ಬಂದರೆ ಪ್ಲಸ್ ಹಳಿ ಹೋಗಿ ಮೈನಸ್ ಹಳಿಗೇ ಕೂಡಿಕೊಳ್ಳುತ್ತದೆ. ಅದಕ್ಕೆ ನಡುವಿನ ಒಂದು ತುಂಡನ್ನು ಎರಡೂ ಕೊನೆಯಲ್ಲಿ ಕತ್ತರಿಸಿ, ಗಾಡಿ ಅದರ ಮೇಲಿದ್ದಾಗ ಸ್ವಿಚ್ ಒತ್ತಿ ಅದಲುಬದಲು ಮಾಡಬೇಕು. ಸ್ವಿಚ್ ಇರುವುದು ಕಾರ್ಯದರ್ಶಿಗಳ ಕೈಯಲ್ಲಿ. ಮೈಕೂ ಅವರ ಕೈಯಲ್ಲೇ. ಉಗಿ ಎಂಜಿನ್ ಇನ್ನೂ ಬಂದಿಲ್ಲ, ಶಾರ್ಟ್ ಸರ್ಕ್ಯೂಟ್ ಮಾತ್ರ ಬರುತ್ತಲೇ ಇದೆ.

ಪ್ರದರ್ಶನದ ದಿನವೂ ಅದೇ ಆಯಿತು. "ಈಗ ನೋಡಿ, ಗಾಡಿ ಹೇಗೆ ತಿರುಗುತ್ತದೆ" ಅಂತ ಕಾರ್ಯದರ್ಶಿಗಳು ಮೈಕಿನಲ್ಲಿ ಮೈಮರೆತರು. ಗಾಡಿ ನಿಂತಿತು, ಪ್ಲಾಟ್‌ಫಾರ್ಮಿನ ದೀಪ ಆರಿತು, ಊರಿಗೆ ಊರೇ ಕತ್ತಲು. ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಚಪ್ಪಾಳೆ ತಟ್ಟಿದರು. "ಕರೆಂಟೂ ತೆಗೀತಾರೆ! ಥೇಟ್ ನಮ್ಮೂರೇ ಕಣಪ್ಪ!" ಬೋಲ್ಟು ಎಣಿಸಿ ಅಂಟಿಸಿದವರ ಮುಖ ನೋಡಬೇಕಿತ್ತು.

ಅಜ್ಜಿಯ ಪಕ್ಕದಲ್ಲಿದ್ದವರು ನಿವೃತ್ತ ಸ್ಟೇಷನ್ ಮಾಸ್ಟರ್. ಅವರು ನಗಲಿಲ್ಲ. "ಹೋಮ್ ಸಿಗ್ನಲ್ ಕೈ ಬೀಳದೆ ಗಾಡಿ ಒಳಗೆ ಹೇಗೆ ಬಂತು?" ಅಂದರು. ಸ್ಟೇಷನ್ ಒಳಗೆ ಬರಲು ಗಾಡಿಗೆ ಅಪ್ಪಣೆ ಕೊಡುವ ಕಂಬ ಅದು, ಕೈ ಬಿದ್ದರೆ ದಾರಿ ಇದೆ ಅಂತ ಅರ್ಥ. ಆಮೇಲೆ ಗೂಡ್ಸ್ ಶೆಡ್ಡಿನತ್ತ ಬಗ್ಗಿ, "ಲೋಡ್ ಕಮ್ಮಿ ಇದೆಯಲ್ಲ?"

"ಇರುವೆ ಸಾರ್."

"ರಿಪೋರ್ಟ್ ಬರೆದಿದ್ದೀರಾ?"

ಇಂಥವರನ್ನು ಬಿಡುವುದುಂಟೆ? ಈಗ ಗಾಡಿ ಬಿಡುವ ಅಧಿಕಾರ ಪೂರಾ ಅವರದು. ಒಂಟಿ ಹಳಿ, ಎದುರುಬದುರು ಗಾಡಿ ಬರದಂತೆ ಕೊಡುವ ಟೋಕನ್ ಇಲ್ಲದೆ ಗಾಡಿ ಹೊರಡುವ ಹಾಗಿಲ್ಲ. ಹಿಂದೆ ಸ್ಟೇಷನ್‌ಗಳಲ್ಲಿ ಡ್ರೈವರ್ ಕೈಗೆ ಟೋಕನ್ ಗುಂಡು ಕೊಡುತ್ತಿದ್ದರಲ್ಲ, ನಮ್ಮಲ್ಲಿ ಅದರ ಬದಲು ಗಾಜಿನ ಗೋಲಿ. ಹೋದ ಭಾನುವಾರ ಗೋಲಿ ಕೈಜಾರಿ ಬೀರುವಿನ ಕೆಳಗೆ ಉರುಳಿತು. ಇನ್ನೊಂದು ಗೋಲಿ ಕೊಡ್ತೀವಿ ಸಾರ್ ಅಂದರೆ ಒಪ್ಪಲೇ ಇಲ್ಲ. ಕಳೆದ ಟೋಕನ್ ಸಿಗುವವರೆಗೂ ಸೆಕ್ಷನ್ ಬಂದ್. ಬೀರು ಸರಿಸಲು ನಾಲ್ಕು ಜನ ಬೇಕು, ಅಷ್ಟರಲ್ಲಿ ಮೂವರು ಕಾಫಿಗೆ ಹೋಗಿಯಾಗಿತ್ತು.