ಎಸ್ಸೆನ್‌ನ ಸೂರ್ಯ ಬೇರೆ, ಕಲಬುರಗಿಯ ಸೂರ್ಯ ಬೇರೆ

ಕಳೆದ ಮೇ ತಿಂಗಳಲ್ಲಿ ಊರಿಗೆ ಬಂದಾಗ ಕಲಬುರಗಿಯ ಒಂದು ಕಚೇರಿಯಲ್ಲಿ ಮುಕ್ಕಾಲು ಗಂಟೆ ಕಾಯಬೇಕಾಯಿತು. ಮುಂಭಾಗಕ್ಕೆ ಕೆಳಗಿನಿಂದ ಮೇಲಿನವರೆಗೂ ನೀಲಿ ಗಾಜು. ಒಳಗಿನಿಂದ ಆ ಗಾಜಿಗೆ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿದ್ದರು. ಕಾಗದ ಹಳದಿಯಾಗಿ ಅಂಚು ಸುರುಟಿಕೊಂಡಿತ್ತು. ಮಟಮಟ ಮಧ್ಯಾಹ್ನ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿಗೆ ಬೆರಳು ತಾಗಿ ಚುರ್ರೆಂದಿತು. ಎರಡು ಎ.ಸಿ. ಓಡುತ್ತಿದ್ದರೂ ಗುಮಾಸ್ತರ ಬೆನ್ನು ಒದ್ದೆಯಾಗಿತ್ತು. ಬೆಳಕು ಬರಲೆಂದು ದುಡ್ಡು ಸುರಿದು ಗಾಜು ಹಾಕಿಸಿ, ಬಂದ ಬೆಳಕಿಗೆ ಕಾಗದ ಮುಚ್ಚಿ, ಕತ್ತಲಾಯಿತೆಂದು ದೀಪ ಹಚ್ಚುವುದನ್ನು ಕಂಡು ಹೊಟ್ಟೆ ಉರಿಯಿತು.

ನಾನು ಜರ್ಮನಿಯ ಎಸ್ಸೆನ್ ನಗರದಲ್ಲಿ ಕಟ್ಟಡಗಳ ತಾಪದ ಲೆಕ್ಕ ಹಾಕುವ ಎಂಜಿನಿಯರ್. ಅದು ಕಲ್ಲಿದ್ದಲು ಮತ್ತು ಉಕ್ಕಿನ ಊರು. ಕ್ರುಪ್ ಮನೆತನದ ಉಕ್ಕಿನ ಕಾರ್ಖಾನೆ ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಸಿಕ್ಕಿದ ಮೇಲೆ ಆ ಜಾಗದ ಬಹುಭಾಗ ದಶಕಗಳ ಕಾಲ ಪಾಳುಬಿದ್ದಿತ್ತು. 2010ರಲ್ಲಿ ಥೈಸನ್‌ಕ್ರುಪ್ ಕಂಪನಿ ಅಲ್ಲಿಯೇ ತನ್ನ ಕೇಂದ್ರ ಕಚೇರಿಯನ್ನು ತೆರೆಯಿತು. ಅದರ ಗೋಡೆಯೂ ಗಾಜಿನದೇ. ಆದರೆ ಗಾಜಿನ ಹೊರಗೆ ತುಕ್ಕು ಹಿಡಿಯದ ಉಕ್ಕಿನ ಸುಮಾರು 4 ಲಕ್ಷ ಸಣ್ಣ ಪಟ್ಟಿಗಳಿವೆ. ಸೂರ್ಯ ಸರಿದಂತೆ ಅವು ತಾವಾಗಿ ತಿರುಗಿ ನೆರಳು ಕೊಡುತ್ತವೆ. ಬಿಸಿಲು ಗಾಜನ್ನು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆದರೆ ಝಳ ಅದಾಗಲೇ ಒಳಗೆ ಸೇರಿರುತ್ತದೆ. ಹೊರಗೇ ತಡೆದರೆ ಮಾತ್ರ ಕೋಣೆ ತಂಪು.

ಆ ಕಟ್ಟಡದ ಚಿತ್ರ ತೋರಿಸಿದಾಗಲೆಲ್ಲ ಊರಿನ ಗೆಳೆಯರು, ‘ನಮ್ಮ ಎಂ.ಎಸ್.ಕೆ. ಮಿಲ್ ಜಾಗದಲ್ಲೂ ಇಂಥದೇ ಒಂದು ಏಳಬೇಕು’ ಎನ್ನುತ್ತಾರೆ. ನಿಜಾಮರ ಕಾಲದ ಆ ನೂಲಿನ ಗಿರಣಿಯಲ್ಲಿ ನನ್ನ ಅಪ್ಪ ದುಡಿದವರು. ಅದರ ಭೋಂಗಾ ಕೇಳಿಯೇ ಅವ್ವ ಒಲೆ ಹೊತ್ತಿಸುತ್ತಿದ್ದಳು. ಗಿರಣಿ ಮುಚ್ಚಿ ದಶಕಗಳಾದವು. ಆ ನೆಲದಲ್ಲಿ ಒಳ್ಳೆಯ ಕಚೇರಿಯೊಂದು ಎದ್ದರೆ ನನ್ನಷ್ಟು ಸಂತೋಷಪಡುವವರು ಕಡಿಮೆ. ಆದರೆ ಇಂಥದೇ ಬೇಡ.

ಎಸ್ಸೆನ್ ಇರುವುದು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ನಡುಹಗಲಿನಲ್ಲೂ ಅಲ್ಲಿ ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲೇರುವುದೇ ಹೆಚ್ಚು. ಆ ಬಡ ಬೆಳಕನ್ನು ಒಳಗೆ ಕರೆಯಲು ಗಾಜು ಬೇಕೇ ಬೇಕು. ಕಲಬುರಗಿ 17 ಡಿಗ್ರಿಯಲ್ಲಿದೆ. ಮೇ ತಿಂಗಳ ಮೊದಲ ಭಾಗದಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಕಂಬಕ್ಕೆ ನೆರಳೇ ಇರುವುದಿಲ್ಲ. ಹಾಗಾಗಿ ನಮ್ಮ ಮೊದಲ ಶತ್ರು ಛಾವಣಿ. ಎರಡನೆಯದು ಇಳಿಹೊತ್ತಿನ ಬಿಸಿಲು ಬಡಿಯುವ ಪಡುವಣ ಗೋಡೆ. ಛಾವಣಿಯ ಮೇಲೆ ಗಾಳಿಯಾಡುವಷ್ಟು ಎತ್ತರದಲ್ಲಿ ಸೌರಫಲಕಗಳನ್ನು ಚಪ್ಪರದಂತೆ ಹಾಸಿದರೆ ನೆರಳೂ ಆಯಿತು, ವಿದ್ಯುತ್ತೂ ಆಯಿತು. ಪಡುವಣಕ್ಕೆ ಮೆಟ್ಟಿಲು, ಶೌಚಾಲಯ, ಕಡತಗಳ ಕೋಣೆ ಇಟ್ಟು ಜನ ಕೂರುವ ಜಾಗವನ್ನು ಕಾಪಾಡಬಹುದು. ಹಳೆಯ ಗಿರಣಿಗಳ ಗರಗಸದ ಹಲ್ಲಿನಂಥ ಮಾಡು ಉತ್ತರದ ಮೃದು ಬೆಳಕನ್ನಷ್ಟೇ ಒಳಗೆ ಬಿಡುತ್ತಿತ್ತು. ಆ ಉಪಾಯ ನೇಕಾರನ ಕಣ್ಣಿಗೆ ಒಪ್ಪಿದಂತೆ ಗುಮಾಸ್ತನ ಕಣ್ಣಿಗೂ ಒಪ್ಪುತ್ತದೆ.

ಅವ್ವನ ಮನೆ ಶಹಾಬಾದ್ ಕಲ್ಲಿನದು, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಎಲ್ಲ ಕಿಟಕಿ ಮುಚ್ಚುತ್ತಾಳೆ. ನಾನು ಒಂದನ್ನು ತೆರೆಯಹೋದರೆ, ‘ಈಗ ಬೇಡಪ್ಪಾ, ಹೊತ್ತು ಮುಳುಗಲಿ’ ಎನ್ನುತ್ತಾಳೆ. ರಾತ್ರಿ ಎಲ್ಲವನ್ನೂ ತೆರೆದು ನೆಲ, ಗೋಡೆಗಳನ್ನು ತಣ್ಣಗಾಗಿಸುತ್ತಾಳೆ. ದಪ್ಪ ಗೋಡೆ ಹಗಲಿನ ತಾಪವನ್ನು ತಡೆದು ನಿಲ್ಲಿಸಿ, ರಾತ್ರಿಯ ಗಾಳಿಗೆ ಬಿಟ್ಟುಕೊಡುತ್ತದೆ. ಎಸ್ಸೆನ್‌ನಲ್ಲಿ ಇದೇ ಕೆಲಸಕ್ಕೆ ನಾವು ಕಂಪ್ಯೂಟರಿನಲ್ಲಿ ವಾರಗಟ್ಟಲೆ ಲೆಕ್ಕ ಹಾಕುತ್ತೇವೆ.

ನಮ್ಮ ಸರ್ಕಾರಕ್ಕೂ ಇದು ಗೊತ್ತಿಲ್ಲದ್ದಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ರೂಢಿ ಇದೆ. ಬಿಸಿಲಿಗೆ ಗಡಿಯಾರವನ್ನೇ ಬಾಗಿಸುವ ಈ ಬುದ್ಧಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಗಡಿಯಾರ ಬಾಗಿದ ಮೇಲೆ ಗೋಡೆ ಏಕೆ ಬಾಗಬಾರದು?

ಜರ್ಮನಿಯಿಂದ ಕಲಿಯಬೇಕಾದದ್ದು ಬೇರೆ ಇದೆ. ಅಲ್ಲಿ ಮೊದಲು ನೆಲವನ್ನು ಓದುತ್ತಾರೆ. ಕಾರ್ಖಾನೆ ಬಿಟ್ಟುಹೋದ ಎಣ್ಣೆ, ರಾಸಾಯನಿಕ ಮಣ್ಣಿನಲ್ಲಿ ಎಷ್ಟಿದೆ, ಕೆಳಗೆ ಹಳೆಯ ಗಣಿ ಎಲ್ಲೆಲ್ಲಿ ಹಾದಿದೆ ಎಂದು ಪರೀಕ್ಷಿಸದೆ ಗುದ್ದಲಿ ಮುಟ್ಟುವುದಿಲ್ಲ. ಎಸ್ಸೆನ್ ಸುತ್ತಲಿನ ಆಳದ ಕಲ್ಲಿದ್ದಲು ಗಣಿಗಾರಿಕೆ 2018ರಲ್ಲಿ ನಿಂತಿತು, ಆದರೂ ಗಣಿಯ ನೀರನ್ನು ಇನ್ನು ಮುಂದೆ ಸದಾಕಾಲ ಪಂಪು ಮಾಡುತ್ತಲೇ ಇರಬೇಕು. ನಮ್ಮಲ್ಲಿ ಗಣಿಯ ಪೊಳ್ಳಿಲ್ಲದಿರಬಹುದು, ಎರೆಮಣ್ಣು ಇದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣನ್ನು ದಾಟಿ ಗಟ್ಟಿನೆಲಕ್ಕೆ ಅಡಿಪಾಯ ಇಳಿಸದಿದ್ದರೆ ಎಂಥ ಕಟ್ಟಡವೂ ಸೀಳುತ್ತದೆ.

ಕೆಡವುವ ಅವಸರವೂ ಅಲ್ಲಿ ಕಡಿಮೆ. ಎಸ್ಸೆನ್‌ನ ತ್ಸೋಲ್‌ಫೆರೈನ್ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿತು. ಅದರ ಬಾಯ್ಲರ್ ಮನೆಯೇ ಇಂದು ವಿನ್ಯಾಸ ಸಂಗ್ರಹಾಲಯ. ಸೇಡಂ, ವಾಡಿಯ ಸಿಮೆಂಟ್ ಗೂಡುಗಳ ಮಗ್ಗುಲಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗಬೇಕು. ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಣ್ಣದಕಲ್ಲು ಸುಟ್ಟು ಮಾಡಿದ ಸಿಮೆಂಟ್ ಅದು. ಗಟ್ಟಿಯಾಗಿ ನಿಂತ ಹಳೆಯ ಗೋಡೆಯನ್ನು ಉಳಿಸಿಕೊಂಡರೆ ಅಷ್ಟು ಬೆಂಕಿ ಉಳಿಯುತ್ತದೆ.

ನೀರಿನ ಲೆಕ್ಕವಂತೂ ಸರಳ. 750 ಮಿಲಿಮೀಟರ್ ಮಳೆಯಾದ ವರ್ಷದಲ್ಲಿ 1,000 ಚದರ ಮೀಟರ್ ಛಾವಣಿಯ ಮೇಲೆ ಬೀಳುವುದು ಏಳೂವರೆ ಲಕ್ಷ ಲೀಟರ್. ಹೊಸ ಕಟ್ಟಡ ಅದನ್ನು ಹರಿಯಬಿಡದೆ ಹಿಡಿದಿಟ್ಟುಕೊಳ್ಳಬೇಕು.

ಎಂ.ಎಸ್.ಕೆ. ಮಿಲ್ ಜಾಗವಾಗಲಿ, ಕುರಕುಂಟಾದಲ್ಲಿ ನಿಂತುಹೋದ ಸಿಮೆಂಟ್ ಕಾರ್ಖಾನೆಯ ಜಾಗವಾಗಲಿ, ಯಾರೇ ಅಲ್ಲಿ ಕಟ್ಟಲು ಹೊರಟರೂ ನಕ್ಷೆಗೆ ಸಹಿ ಹಾಕುವ ಮುನ್ನ ಒಂದು ಇಡೀ ಮೇ ತಿಂಗಳು ಆ ನೆಲದಲ್ಲಿ, ಪಕ್ಕದ ಕಲ್ಲಿನ ಮನೆಯಲ್ಲಿ, ಒಂದು ಗಾಜಿನ ಕಚೇರಿಯಲ್ಲಿ ತಾಪಮಾಪಕಗಳನ್ನು ನೇತುಹಾಕಲಿ. ಅಂಕಿಗಳನ್ನು ಬರೆದುಕೊಳ್ಳಲು ನಾನೇ ರಜೆ ಹಾಕಿ ಬರುತ್ತೇನೆ. ಕಲ್ಲಿನ ಮನೆಗೆ ಅವ್ವನದೇ ಇದೆ.