ಸಿನಿಮಾ ನೋಡಿ ಮಣೆ ಹಾಕು

ಕಳೆದ ಶನಿವಾರ ಬೆಳಗ್ಗೆ ಎದ್ದು ಫೋನ್ ನೋಡಿದರೆ ಒಂದು ಸ್ಟೇಟಸ್. ‘ಈ ಸಿನಿಮಾ ಇಷ್ಟ ಆಗದವರು ನನ್ನ ನಂಬರ್ ಡಿಲೀಟ್ ಮಾಡ್ರಿ. ನಿಮ್ಮಂಥವರ ಪರಿಚಯ ನನಗ ಬ್ಯಾಡ.’ ಹಾಕಿದವರು ನಮ್ಮ ಓಣಿಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರು.

ತಿಂಗಳು ಏಪ್ರಿಲ್. ಊರು ಕಲಬುರಗಿ. ಹೊರಗೆ 43 ಡಿಗ್ರಿ. ನಮ್ಮ ಮೋಟಾರು ಹಿಂದಿನ ರಾತ್ರಿಯೇ ಸುಟ್ಟುಹೋಗಿತ್ತು. ಆ ಸಿನಿಮಾ ನನಗೆ ಇಷ್ಟವಾಗಿರಲಿಲ್ಲ, ನಿಜ. ಇಂಟರ್ವಲ್‌ನಲ್ಲೇ ಎದ್ದು ಬಂದಿದ್ದೆ. ಆದರೆ ಏಪ್ರಿಲ್‌ನಲ್ಲಿ ಬೋರ್‌ವೆಲ್‌ನವರ ನಂಬರ್ ಡಿಲೀಟ್ ಮಾಡುವಷ್ಟು ಕಲಾಪ್ರೇಮ ನನಗಿಲ್ಲ. ‘ಸೂಪರ್ ಮೂವಿ ರೀ’ ಎಂದು ಬರೆದು, ಮೂರು ಬೆಂಕಿ ಹಚ್ಚಿ ಕಳಿಸಿದೆ. ಹನ್ನೊಂದಕ್ಕೆಲ್ಲ ನಲ್ಲಿಯಲ್ಲಿ ನೀರು ಬಂತು.

ಯಾವ ಸಿನಿಮಾ ಅಂತ ಹೇಳುವುದಿಲ್ಲ. ನಿಮಗೆ ಗೊತ್ತೇ ಇದೆ. ಹೇಳಿದರೆ ಓದುಗರಲ್ಲಿ ಅರ್ಧ ಜನ ಇಲ್ಲೇ ಇಳಿದುಬಿಡುತ್ತಾರೆ. ಅದು ಬಂದಾಗಿನಿಂದ ಊರಲ್ಲಿ ಎರಡು ಪಂಗಡ. ಸೂಪರ್ ಮಾರ್ಕೆಟ್ ಹತ್ತಿರದ ಚಹಾ ಅಂಗಡಿಯಲ್ಲಿ ಇಬ್ಬರು ಗೆಳೆಯರು ಹತ್ತು ವರ್ಷದಿಂದ ಒಂದೇ ಬೆಂಚಿನ ಮೇಲೆ ಕೂತು ‘ಒಂದ್ರಾಗ ಎರಡು’ ಹೇಳುತ್ತಿದ್ದರು. ಈಗ ಒಬ್ಬ ಆ ತುದಿ, ಒಬ್ಬ ಈ ತುದಿ. ಇಬ್ಬರಿಗೂ ಪೂರ್ತಿ ಪೂರ್ತಿ ಚಹಾ. ಅಂಗಡಿಯವನ ಮಟ್ಟಿಗೆ ಆ ಸಿನಿಮಾ ಸೂಪರ್ ಹಿಟ್.

ಮನುಷ್ಯರನ್ನು ಅಳೆಯುವ ಇಷ್ಟು ಸುಲಭದ ದಾರಿ ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ ನೋಡಿ. ಪಾಪ, ಒಬ್ಬರ ಮೇಲಿನ ಗೌರವ ಕಳೆದುಕೊಳ್ಳಬೇಕಾದರೆ ಅವರು ವರ್ಷಗಟ್ಟಲೆ ಒದ್ದಾಡಬೇಕಿತ್ತು. ಸಾಲ ಕೊಟ್ಟು ಕಾಯಬೇಕಿತ್ತು. ಹೊಲದ ಬದು ಪಕ್ಕಪಕ್ಕ ಇರಬೇಕಿತ್ತು. ಇಲ್ಲವೇ ಜೊತೆಯಾಗಿ ಪಂಢರಪುರಕ್ಕೆ ಹೋಗಬೇಕಿತ್ತು, ಬುತ್ತಿ ಬಿಚ್ಚುವಾಗ ಗುಣ ಹೊರಗೆ ಬರುತ್ತಿತ್ತು. ನಮಗೆ ಒಂದೇ ಪ್ರಶ್ನೆ ಸಾಕು. ‘ಅದನ್ನ ನೋಡಿದ್ರೇನ್ರೀ? ಹ್ಯಾಂಗನಿಸ್ತು?’ ಎದುರಿನವರು ಬಾಯಿ ತೆರೆಯುವ ಮೊದಲೇ ತೀರ್ಪು ಆಗಿಹೋಗಿರುತ್ತದೆ.

ತೀರ್ಪು ಕೊಡುವವರು ಸಿನಿಮಾ ನೋಡಿರಲೇಬೇಕು ಅಂತೇನೂ ಇಲ್ಲ. ಇದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಇಲ್ಲಿಂದ ಸುಮಾರು 40 ಕಿಲೋಮೀಟರ್ ಹೋದರೆ ಮಳಖೇಡ. ಈಗ ಆ ಊರೆಂದರೆ ಸಿಮೆಂಟು. ಒಂಬತ್ತನೇ ಶತಮಾನದಲ್ಲಿ ಅದು ರಾಷ್ಟ್ರಕೂಟರ ರಾಜಧಾನಿ. ನೃಪತುಂಗನ ಆಸ್ಥಾನದಲ್ಲಿ ಕೂತು ‘ಕವಿರಾಜಮಾರ್ಗ’ ಬರೆದ ಶ್ರೀವಿಜಯ ಕನ್ನಡದ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಹೊಗಳಿದ. ಓದದಿದ್ದರೂ ಕಾವ್ಯ ಬಲ್ಲವರು ಅಂತ. 1,100 ವರ್ಷ ಕಳೆದರೂ ಅವನ ಮಾತನ್ನು ನಾವು ಸುಳ್ಳು ಮಾಡಿಲ್ಲ. ನೋಡದೆಯೇ ವಿಮರ್ಶೆ ಮಾಡುತ್ತೇವೆ. ಪೋಸ್ಟರ್ ನೋಡಿದವನು ನಮ್ಮಲ್ಲಿ ಪದವೀಧರ, ಟ್ರೇಲರ್ ನೋಡಿದವನು ಪಂಡಿತ. ಗಂಜ್‌ನಲ್ಲಿ ತೊಗರಿ ಕೊಳ್ಳುವವನು ಕೂಡ ನಾಲ್ಕು ಕಾಳು ಹಲ್ಲಿಗೆ ಹಾಕಿ, ಕಟ್ಟನೆ ಕಡಿದು ನೋಡಿಯೇ ರೇಟು ಹೇಳುತ್ತಾನೆ. ಸಿನಿಮಾಕ್ಕೆ ಅದೂ ಬೇಡ. ‘ನೆಗೆಟಿವ್ ಟಾಕ್ ಅದ ರೀ’ ಅಂದರೆ ಮುಗಿಯಿತು. ಟಾಕ್ ಯಾರದು, ಎಲ್ಲಿಂದ ಬಂತು? ಕೇಳಬಾರದು.

ಮೊನ್ನೆ ಪರಿಚಯದವರ ಮನೆಗೆ ಹುಡುಗನ ಕಡೆಯವರು ಬಂದಿದ್ದರು. ನನ್ನನ್ನೂ ಕರೆದಿದ್ದರು, ಸುಮ್ನೆ ಒಂದು ತಲೆ ಜಾಸ್ತಿ ಕಾಣಲಿ ಅಂತ. ಸುಸಲಾ, ಮಿರ್ಚಿ ಭಜಿ ತಿಂದಾಯಿತು. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಮಾಳಿಗೆಗೆ ಕಳಿಸಿದರು. ಐದೇ ನಿಮಿಷಕ್ಕೆ ಹುಡುಗ ಕೆಳಗಿಳಿದು ಬಂದ. ಮುಖ ಬಾಡಿತ್ತು. ಬಿಸಿಲಿಗೆ ಅಂದುಕೊಂಡೆ. ಅಲ್ಲ. ಹುಡುಗಿ ಆ ಸಿನಿಮಾ ಎರಡು ಸಲ ನೋಡಿದ್ದಾಳಂತೆ. ‘ಎರಡು ಸಲ?’ ಎಂದು ಹುಡುಗನ ಅತ್ತಿಗೆ ಎದೆ ಮೇಲೆ ಕೈ ಇಟ್ಟುಕೊಂಡರು. ಹುಡುಗಿಯೂ ಕಮ್ಮಿ ಇಲ್ಲ ಬಿಡಿ. ಅವನ ಮೆಚ್ಚಿನ ಹೀರೋ ಹೆಸರು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲವಂತೆ.

ಅಷ್ಟು ಹೊತ್ತೂ ಕೆಳಗೆ ಜಮಖಾನೆ ಮೇಲೆ ಹಿರಿಯರು ತೊಲದ ಲೆಕ್ಕ ಮಾಡುತ್ತಿದ್ದರು. ಅವರು ಹದಿನೈದು ಅಂದರು. ಇವರು ಎಂಟು ಅಂದರು. ಹನ್ನೊಂದಕ್ಕೆ ಬಂದು ನಿಂತಿತ್ತು. ವರದಕ್ಷಿಣೆ ನಿಷೇಧ ಆದದ್ದು 1961ರಲ್ಲಿ. ಆ ಲೆಕ್ಕಕ್ಕೆ ಯಾರ ಮುಖವೂ ಬಾಡಲಿಲ್ಲ, ಯಾರ ಕೈಯೂ ಎದೆಗೆ ಹೋಗಲಿಲ್ಲ. ಸಂಬಂಧ ಮುರಿದದ್ದು ಸಿನಿಮಾದಿಂದ. ಹಾಗೆ ನೋಡಿದರೆ ಆ ಹುಡುಗಿಗೆ ಸಿನಿಮಾ ಉಪಕಾರವನ್ನೇ ಮಾಡಿತು. ಅದರ ಬಗ್ಗೆ ನಾನು ಹೇಳಬಹುದಾದ ಒಂದೇ ಒಳ್ಳೆ ಮಾತು ಇದು.

ಸೆನ್ಸಾರ್ ಮಂಡಳಿಯವರು 2024ರ ಕೊನೆಗೆ ಯುಎ ಸರ್ಟಿಫಿಕೇಟನ್ನು 7, 13, 16 ಎಂದು ವಯಸ್ಸಿನ ಪ್ರಕಾರ ಮೂರು ಹೋಳು ಮಾಡಿದರು. ಇನ್ನು ನೋಡುವವರಿಗೂ ಒಂದೊಂದು ಸರ್ಟಿಫಿಕೇಟ್ ಕೊಟ್ಟು ಆಧಾರ್‌ಗೆ ಜೋಡಿಸಿದರೆ ಆಯಿತು. ಬೀಗರು ಮನೆಗೆ ಬರುವ ಮೊದಲೇ ಒಟಿಪಿ ಹಾಕಿ ನೋಡಿಕೊಳ್ಳಬಹುದು.

ನಾನೇನು ಸಾಚಾ ಅಲ್ಲ. ನನಗೆ ಹಳೆಗನ್ನಡ ಕಲಿಸಿದ ಮಾಸ್ತರರೊಬ್ಬರಿದ್ದಾರೆ. ಈಗ ವಯಸ್ಸು ಎಂಬತ್ತರ ಹತ್ತಿರ. ಕಂದಪದ್ಯದ ಮಾತ್ರೆಗಳನ್ನು ನಿದ್ದೆಗಣ್ಣಲ್ಲೂ ಎಣಿಸುವವರು. ಕಳೆದ ಬೇಸಿಗೆಯಲ್ಲಿ ಅವರನ್ನು ಒಂದು ಥೇಟರಿನಲ್ಲಿ ಕಣ್ಣಾರೆ ಕಂಡೆ. ಪರದೆಯ ಮೇಲೆ ಹೀರೋ ಒಂದೇ ಕೈಯಲ್ಲಿ ಟ್ರ್ಯಾಕ್ಟರ್ ಎತ್ತುತ್ತಿದ್ದ, ಟ್ರೇಲರ್ ಸಮೇತ. ಮಾಸ್ತರರು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆಯುತ್ತಿದ್ದರು. ಹಲ್ಲಿನ ಸೆಟ್ಟು ಹೇಗೆ ತಡೆದುಕೊಂಡಿತೋ! ನಾನು ಅಲ್ಲಿ ಯಾಕಿದ್ದೆ ಅಂತ ಕೇಳಬೇಡಿ, ಸಮಾಜದ ಅಧ್ಯಯನಕ್ಕೆ ಹೋಗಿದ್ದೆ. ಅವತ್ತಿನಿಂದ ಮಾಸ್ತರರಿಗೆ ಕೈ ಮುಗಿಯುವಾಗ ಕೈ ಎದೆಯವರೆಗೆ ಏರುತ್ತಿರಲಿಲ್ಲ. ಹೊಟ್ಟೆಯ ಹತ್ತಿರವೇ ನಿಲ್ಲುತ್ತಿತ್ತು.

ಇದೆಲ್ಲ ಯಾಕೆ ನೆನಪಾಯಿತೆಂದರೆ, ನಿನ್ನೆ ಬೆಂಗಳೂರಿನ ಗೆಳೆಯ ಫೋನ್ ಮಾಡಿದ್ದ. ಜಾಸ್ತಿ ಮಾತಿಲ್ಲದ ಒಂದು ಸಣ್ಣ ಕನ್ನಡ ಸಿನಿಮಾ ಬಂದಿತ್ತಲ್ಲ, ಅದನ್ನು ನೋಡಿದೆಯಾ ಎಂದ. ನೋಡಿದ್ದೆ. ಇಲ್ಲಿ ಅದಕ್ಕೆ ಸಿಕ್ಕಿದ್ದು ದಿನಕ್ಕೆ ಒಂದೇ ಶೋ, ರಾತ್ರಿ ಹತ್ತೂಕಾಲಿಗೆ. ನನ್ನನ್ನೂ ಸೇರಿಸಿ ಹನ್ನೊಂದು ಜನ. ಮೂರು ದಿನಕ್ಕೆ ಎತ್ತಂಗಡಿ. ಅದಕ್ಕೆ ಅವನು ಅಂದ, ‘ನಿಮ್ಮ ಕಡೆ ಜನಕ್ಕೆ ಟೇಸ್ಟೇ ಇಲ್ಲ ಬಿಡೋ. ಅದಕ್ಕೇ ಅಲ್ಲಿ ಓಡಲಿಲ್ಲ.’

ಓಡಲಿಲ್ಲವಂತೆ. ರಾತ್ರಿ ಹತ್ತೂಕಾಲಿಗೆ ಬಿಟ್ಟು ಮೂರು ದಿನಕ್ಕೆ ಕಿತ್ತು ಹಾಕಿದ್ದು ಎಲ್ಲಿಗೆ ಓಡಬೇಕು? ಹಳ್ಳಿಯಿಂದ ಬಂದವನು ಅದನ್ನು ನೋಡಿ ಯಾವ ಬಸ್ಸಿಗೆ ಊರು ಸೇರಬೇಕು? ಟಿಕೆಟ್ 200 ರೂಪಾಯಿ ದಾಟಬಾರದು ಎಂದು 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟಿನಿಂದ ತಡೆ ಬಂತು. ನಾಲ್ಕು ಜನರ ಮನೆಯವರು ಒಂದು ಸಿನಿಮಾಕ್ಕೆ ಹೋಗಿ ಬರುವ ದುಡ್ಡಿಗೆ ವಾರದ ಜೋಳ, ಬೇಳೆ ಬರುತ್ತದೆ. ಸಿನಿಮಾದಲ್ಲಿ ನಮ್ಮ ಮಾತು ಕೇಳಿಸಿದರೆ ಅದು ನಗಿಸಲಿಕ್ಕೆ, ಇಲ್ಲಾ ಹೀರೋ ಕೈಯಲ್ಲಿ ಒದೆ ತಿನ್ನಲಿಕ್ಕೆ. 2014ರಲ್ಲಿ ಊರಿನ ಹೆಸರು ತಿದ್ದಿದರು. 2019ರಲ್ಲಿ ಸೀಮೆಗೆ ಕಲ್ಯಾಣ ಅಂತ ಹೆಸರಿಟ್ಟರು. ಸಿನಿಮಾ ಹಂಚುವವರ ಬಾಯಲ್ಲಿ ನಾವು ಇವತ್ತಿಗೂ ಬಿ ಸೆಂಟರ್, ಸಿ ಸೆಂಟರ್, ಅಂದರೆ ಎರಡನೇ, ಮೂರನೇ ದರ್ಜೆಯ ಊರು. ತಟ್ಟೆಗೆ ದಿನಾ ಒಂದೇ ಪದಾರ್ಥ ಬಡಿಸುತ್ತೀರಿ. ಆಮೇಲೆ, ಇವರಿಗೆ ರುಚಿಯೇ ಗೊತ್ತಿಲ್ಲ ಅನ್ನುತ್ತೀರಿ. ಸಾಕಾಗಿ ಹೋಗಿದೆ.

ಫೋನ್ ಇಟ್ಟೆ. ಗೆಳೆಯನ ಮೇಲಿದ್ದ ಗೌರವ ಹೋಯಿತು. ಸಿನಿಮಾದಿಂದಲೇ ಹೋಯಿತು, ಒಪ್ಪುತ್ತೇನೆ.

ಸಂಜೆ ಅಪ್ಪನ ಕೆರೆ ದಂಡೆಯಲ್ಲಿ ಮಾಸ್ತರರು ಸಿಕ್ಕರು. ಸ್ವಲ್ಪ ಹೊತ್ತು ಜೊತೆಗೆ ನಡೆದೆ. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

‘ಸರ್, ಅವತ್ತು ಟ್ರ್ಯಾಕ್ಟರ್ ಎತ್ತಿದಾಗ ಸಿಳ್ಳಿ ಹೊಡೆದ್ರಲ್ಲ...’

‘ಟ್ರ್ಯಾಕ್ಟರಿಗೆ ಅಲ್ಲೋ. ಎಸಿ ಬಂದಾಗಿತ್ತು. ಆಗ್ಲೇ ಮತ್ತ ಚಾಲೂ ಆಯ್ತು. ಮನ್ಯಾಗ ಮುಂಜಾನಿಂದ ಕರೆಂಟ್ ಇರಲಿಲ್ಲ.’ ನಾಲ್ಕು ಹೆಜ್ಜೆ ಹಾಕಿ ಸೇರಿಸಿದರು. ‘ಖರೇ ಹೇಳಬೇಕಂದ್ರ, ಟ್ರ್ಯಾಕ್ಟರ್ ಎತ್ತಿದ್ದೂ ಛಲೋ ಇತ್ತು. ಅದಿರ್ಲಿ, ನೀ ಏನ್ ನೋಡಿದಿ ಇತ್ತೀಚಿಗೆ?’

ಆ ಸಣ್ಣ ಸಿನಿಮಾದ ಹೆಸರು ಹೇಳಿದೆ. ಅವರು ಕೇಳಿರಲಿಲ್ಲ. ಕಥೆ ಏನು ಎಂದರು. ತೊದಲಿದೆ.

‘ಕಥಿ ಅಂತ ಏನಿಲ್ಲ ಸರ್. ಎರಡು ತಾಸು ಮಳಿ ಬರ್ತದ. ಜಡಿಮಳಿ. ಒಬ್ಬ ಮುದುಕ ಕಿಟಕ್ಯಾಗ ಕೂತು ನೋಡ್ತಾನ. ಅಷ್ಟೇ.’

ಮಾಸ್ತರರು ನಿಂತೇಬಿಟ್ಟರು. ಕೆರೆಯ ಮೇಲಿಂದ ಬಿಸಿಗಾಳಿ ಬೀಸುತ್ತಿತ್ತು.

‘ಎರಡು ತಾಸು ಮಳಿ? ಮೊದಲ ಹೇಳಬಾರದಾ? ಯಾವ ಥೇಟರಿನಾಗ ಅದ? ನಡಿ, ಇವತ್ತೇ ಹೋಗೂಣು.’

‘ತೆಗೆದ್ರು ಸರ್’ ಅಂದೆ.